ಪ್ರಿಎಕ್ಲಾಂಪ್ಸಿಯಾ: ತಾಯಿ ಕಾರ್ಡಿನ ಮೊದಲ ಬಿಪಿ ಯಾಕೆ ಬೇಕು

ಪ್ರಿಎಕ್ಲಾಂಪ್ಸಿಯಾ ಬಸಿರಿನಲ್ಲಿ ಬಿಪಿ ಏರುವ ಕಾಯಿಲೆ. ನರ್ಸಿಂಗ್ ಪರೀಕ್ಷೆಯಲ್ಲಿ ಬರೆಯಬೇಕಾದ ಅದರ ವ್ಯಾಖ್ಯೆ ಚಿಕ್ಕದು. 20 ವಾರ ದಾಟಿದ ಮೇಲೆ, ಅಲ್ಲಿವರೆಗೆ ಸರಿಯಿದ್ದ ಬಿಪಿ ಕನಿಷ್ಠ 4 ಗಂಟೆ ಅಂತರದಲ್ಲಿ ಎರಡು ಸಲ 140/90 ಅಥವಾ ಮೇಲೆ ಬಂದು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರಬೇಕು. ಪ್ರೋಟೀನ್ ಇಲ್ಲದಿದ್ದರೂ ಬಿಪಿಯ ಜೊತೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 1 ಲಕ್ಷಕ್ಕಿಂತ ಇಳಿದರೆ, ಲಿವರ್ ಅಥವಾ ಕಿಡ್ನಿಗೆ ಪೆಟ್ಟು ಬಿದ್ದರೆ ಅದೂ ಇದೇ ಕಾಯಿಲೆ. ಕಾಲುಬಾವು ಈಗ ವ್ಯಾಖ್ಯೆಯಲ್ಲಿಲ್ಲ. ಸೀನಿಯರ್‌ಗಳ ಹಳೆ ನೋಟ್ಸ್ ಜೆರಾಕ್ಸ್ ಮಾಡಿಸಿದವರು ಅದನ್ನು ಹೊಡೆದುಹಾಕಿ.

ಬಿಪಿ ತಡವಾಗಿ ಏರಿದರೂ ಬೇರು ಮೊದಲ ತಿಂಗಳುಗಳಲ್ಲೇ ಇರುತ್ತದೆ. ಮಾಸು (ಪ್ಲಸೆಂಟಾ) ಗರ್ಭಕೋಶಕ್ಕೆ ಅಂಟಿಕೊಳ್ಳುವಾಗ ಅಲ್ಲಿನ ಸುರುಳಿ ರಕ್ತನಾಳಗಳು ಅಗಲವಾಗಬೇಕು. ಆಗದಿದ್ದರೆ ಮಾಸಿಗೆ ರಕ್ತ ಸಾಲದು, ಪಿಎಲ್‌ಜಿಎಫ್ ಎಂಬ ಪ್ರೋಟೀನ್ ತಾಯಿಯ ರಕ್ತದಲ್ಲಿ ಕಡಿಮೆಯಾಗುತ್ತದೆ. ಅದಕ್ಕೇ 11ರಿಂದ 14 ವಾರದೊಳಗೆ ಪಿಎಲ್‌ಜಿಎಫ್, ಗರ್ಭಕೋಶದ ರಕ್ತನಾಳದ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್), ಸರಾಸರಿ ಬಿಪಿ, ಹಿಂದಿನ ಚರಿತ್ರೆ ನಾಲ್ಕನ್ನೂ ಕೂಡಿಸಿ ಅಪಾಯ ಲೆಕ್ಕ ಹಾಕುತ್ತಾರೆ. ಸರಾಸರಿ ಬಿಪಿಗೆ ಕೆಳಗಿನ ಅಂಕಿಯನ್ನು ಎರಡರಿಂದ ಗುಣಿಸಿ, ಮೇಲಿನದನ್ನು ಕೂಡಿಸಿ, ಮೂರರಿಂದ ಭಾಗಿಸಿ: 118/76 ಇದ್ದರೆ 90.

ಹಳ್ಳಿಯ ಪಿಎಚ್‌ಸಿಯಲ್ಲಿ ಡಾಪ್ಲರ್ ಎಲ್ಲಿಂದ ಬರಬೇಕು? ಚರಿತ್ರೆ, ಬಿಪಿ ಎರಡೂ ನಮ್ಮ ಕೈಯಲ್ಲಿವೆ. ಹಿಂದಿನ ಬಸಿರಲ್ಲಿ ಇದೇ ಆಗಿತ್ತೇ, ಮೊದಲಿನಿಂದ ಬಿಪಿ, ಶುಗರ್, ಕಿಡ್ನಿ ತೊಂದರೆ ಇದೆಯೇ, ಅವಳಿಯೇ? ಒಂದಿದ್ದರೂ ಸಾಕು, ವೈದ್ಯರ ಗಮನಕ್ಕೆ ತನ್ನಿ. ಚೊಚ್ಚಲು, 35 ದಾಟಿದ ವಯಸ್ಸು, ವಿಪರೀತ ತೂಕ, ತಾಯಿಗೋ ಅಕ್ಕತಂಗಿಗೋ ಆಗಿದ್ದು, ಇವು ಎರಡು ಕೂಡಿದರೆ ಗಂಭೀರ. ಬೇಗ ಗುರುತಿಸಿದರೆ ಲಾಭವಿದೆ: 2017ರ ಆಸ್ಪ್ರೆ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದವರಿಗೆ ರಾತ್ರಿ 150 ಮಿ.ಗ್ರಾಂ ಆಸ್ಪಿರಿನ್ ಕೊಟ್ಟಾಗ, 37 ವಾರದೊಳಗೆ ಹೆರಿಗೆ ಮಾಡಿಸಬೇಕಾದ ಪ್ರಿಎಕ್ಲಾಂಪ್ಸಿಯಾ 4.3%ರಿಂದ 1.6%ಕ್ಕೆ ಇಳಿಯಿತು. 16 ವಾರದ ಮೊದಲೇ ಶುರುಮಾಡಬೇಕು, ವೈದ್ಯರು ಬರೆದರೆ ಮಾತ್ರ.

ನಮ್ಮ ಕಡೆ ಎಡವುವುದು ಬೇರೆ ಕಡೆ. ಕುಬಸ (ಸೀಮಂತ) ಮುಗಿಸಿ ಚೊಚ್ಚಲ ಬಸುರಿ ಕುಂದಗೋಳದ ಗಂಡನ ಮನೆಯಿಂದ ಶಿರಹಟ್ಟಿಯ ತವರಿಗೆ ಹೋಗುತ್ತಾಳೆ ಅನ್ನಿ. ಆಶಾ ಬದಲು, ನರ್ಸ್ ಬದಲು, ಮೊದಲಿನ ಬಿಪಿ ಬರೆದಿಟ್ಟ ತಾಯಿ ಕಾರ್ಡ್ ಗಂಡನ ಮನೆಯ ಟ್ರಂಕಿನಲ್ಲಿ. 30ನೇ ವಾರದಲ್ಲಿ 134/86 ಬಂದರೆ ಹೊಸ ನರ್ಸ್ ‘ನಾರ್ಮಲ್’ ಎಂದು ಬರೆಯುತ್ತಾರೆ. 12ನೇ ವಾರದಲ್ಲಿ ಅವಳದು 100/60 ಇತ್ತೆಂದು ಗೊತ್ತಿದ್ದರೆ ಮುಂದಿನ ತಿಂಗಳು ಬಾ ಅನ್ನುತ್ತಿದ್ದರೇ? ಇಷ್ಟು ಏರಿದ ಮಾತ್ರಕ್ಕೆ ಕಾಯಿಲೆ ಎನ್ನಲಾಗದು, ಆದರೆ ಅದೇ ವಾರ ಮತ್ತೆ ನೋಡಲೇಬೇಕು.

ಬಸ್ಸಿಳಿದು ಬಂದವಳನ್ನು 5 ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿಸಿ ಕೂಡಿಸಿ. ಬಿಗಿ ತೋಳಿನ ಕುಪ್ಪಸವನ್ನು ಮೇಲಕ್ಕೆ ಸುತ್ತಬೇಡಿ, ತೋಳು ಬಿಡಿಸಿ ಪಟ್ಟಿ ಕಟ್ಟಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಬಿಪಿ ಸುಳ್ಳೇ ಹೆಚ್ಚು ತೋರಿಸುತ್ತದೆ.

ಕಾಯಿಲೆಯ ಲಕ್ಷಣ ಕೇಳುವ ಪ್ರಶ್ನೆಯೂ ಬಸುರಿಯ ಮಾತಿನಲ್ಲೇ ಇರಲಿ: “ತಲಿ ಒಂದೇ ಸವನೆ ನೋಯತೈತೇನವ್ವಾ? ಕಣ್ಣಿಗೆ ಮಬ್ಬು ಬರತೈತೇನು? ಎದಿಗುಂಡಿಗಿ ಕೆಳಗ ನೋವೈತೇನು?” ಕೊನೆಯದಕ್ಕೆ ಬಹಳ ಮಂದಿ “ಗ್ಯಾಸ್ ಆಗೇತ್ರಿ” ಅನ್ನುತ್ತಾರೆ. ಗ್ಯಾಸಿನ ಗುಳಿಗೆ ಕೊಡುವ ಮೊದಲು ಬಿಪಿ ನೋಡಿ. 160/110 ಅಥವಾ ಮೇಲೆ ಇದ್ದರೆ ತಕ್ಷಣ ವೈದ್ಯರನ್ನು ಕರೆದು, ಅವರು ಹೇಳಿದಂತೆ ಬಿಪಿ ಔಷಧಿ, ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟು, 108ರಲ್ಲಿ ದೊಡ್ಡಾಸ್ಪತ್ರೆಗೆ, ಅಂದರೆ ಗದಗಿನ ಜಿಮ್ಸ್‌ಗೋ ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಳೆ ಹೆಸರು ಕಿಮ್ಸ್) ಕಳಿಸಬೇಕು. ಜೊತೆಗೆ ಕಾರ್ಡ್ ಕೂಡ.