ಕಾರಿನ ರೇಡಿಯೋದಲ್ಲಿ ಆಕಾಶವಾಣಿ ಯಾಕೆ ಗೊರಗುಟ್ಟುತ್ತದೆ?

ತುಮಕೂರು ದಾಟಿ ಶಿರಾ ಕಡೆ ಹೊರಟರೆ ಬೆಂಗಳೂರಿನ ಎಫ್‌ಎಂ ಚಾನೆಲ್‌ಗಳು ಒಂದೊಂದಾಗಿ ಕೈಕೊಡುತ್ತವೆ. ಆದರೆ ಮೀಡಿಯಂ ವೇವ್‌ನ 612 ಕಿಲೋಹರ್ಟ್ಸ್, ಅಂದರೆ ಬೆಂಗಳೂರು ಆಕಾಶವಾಣಿ, ಇನ್ನೂ ಬಹಳ ದೂರ ಜೊತೆಗೆ ಬರಬೇಕು. ಬರೀ ಗೊರ್ರ್ ಅನ್ನುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ನಮ್ಮ ಕಾರನ್ನೇ.

ತುಂಬಾ ಜನ ತಕ್ಷಣ ಉದ್ದದ ಆಂಟೆನಾ ಹುಡುಕುತ್ತಾರೆ. ನನ್ನ ಪ್ರಕಾರ ಅದು ಕೊನೆಯ ಕೆಲಸ. 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ಅದರ ಕಾಲು ಭಾಗದ ಆಂಟೆನಾ ಅಂದರೂ 120 ಮೀಟರ್ ದಾಟುತ್ತದೆ! ಕಾರಿನ ಕಡ್ಡಿಯನ್ನು ಒಂದು ಗೇಣು ಬೆಳೆಸಿ ಆಗುವ ಲಾಭ ಅಷ್ಟಕ್ಕಷ್ಟೇ. ಸಿಕ್ಕ ಚೂರು ಸಿಗ್ನಲ್ಲನ್ನು ಗದ್ದಲದಲ್ಲಿ ಮುಳುಗಿಸದೆ ರೇಡಿಯೋಗೆ ತಲುಪಿಸುವುದೇ ಮುಖ್ಯ.

ಮೀಡಿಯಂ ವೇವ್‌ನಲ್ಲಿ ಬರುವುದು ಎಎಂ ಪ್ರಸಾರ. ಅದರಲ್ಲಿ ದನಿ ಅಡಗಿರುವುದು ಅಲೆಯ ಏರಿಳಿತದಲ್ಲಿ. ಎಲ್ಲಿ ಕಿಡಿ ಹಾರಿದರೂ ಆ ಏರಿಳಿತಕ್ಕೆ ಬಂದು ಸೇರಿಕೊಳ್ಳುತ್ತದೆ. ಹಾಗಾಗಿ ಮೊದಲು ಎಂಜಿನ್ ಆಫ್ ಮಾಡಿ ಬರೀ ರೇಡಿಯೋ ಕೇಳಿ. ಆಮೇಲೆ ಸ್ಟಾರ್ಟ್ ಮಾಡಿ. ಆಕ್ಸಿಲರೇಟರ್ ಒತ್ತಿದಂತೆ ಕುಯ್ಯ್ ಎಂಬ ಸದ್ದು ಏರಿದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಿ. ಟಕಟಕ ಸದ್ದು ಜೋರಾದರೆ ಸ್ಪಾರ್ಕ್ ಪ್ಲಗ್ ಅಥವಾ ಅದರ ವೈರ್. ರೆಸಿಸ್ಟರ್ ಇರುವ ಪ್ಲಗ್ ಹಾಕಿಸಿದರೆ ಇದು ಬಹಳ ಮಟ್ಟಿಗೆ ತಗ್ಗುತ್ತದೆ. ಎಂಜಿನ್ ಆಫ್ ಇದ್ದಾಗಲೂ ಗೊರಗೊರ ಇದ್ದರೆ ಮೊಬೈಲ್ ಚಾರ್ಜರ್ ಕಿತ್ತು ನೋಡಿ. ಅಗ್ಗದ ಚಾರ್ಜರ್, ಹೊರಗಿಂದ ಹಾಕಿಸಿದ ಎಲ್‌ಇಡಿ ದೀಪ, ಇವೆರಡೂ ಮಹಾ ಗಲಾಟೆಕೋರರು.

ಸದ್ದು ಬರುವ ದಾರಿ ತಿಳಿಯಲು ಒಂದು ಸುಲಭ ಉಪಾಯವಿದೆ. ಸೆಟ್ಟಿನ ಹಿಂದಿನ ಆಂಟೆನಾ ಪಿನ್ ಎಳೆದುಬಿಡಿ. ಸದ್ದು ನಿಂತರೆ ಅದು ಆಂಟೆನಾ ಮೂಲಕ ಬರುತ್ತಿತ್ತು. ನಿಲ್ಲದಿದ್ದರೆ ಕರೆಂಟಿನ ವೈರಿನಲ್ಲೇ ಹರಿದು ಬರುತ್ತಿದೆ. ಅದಕ್ಕೆ ವೈರಿನ ಗದ್ದಲ ತಡೆಯುವ ಫಿಲ್ಟರ್ ಬೇಕು.

ಇನ್ನು ಸಿಗ್ನಲ್ ಸೋರುವ ಜಾಗಗಳು. ಇಷ್ಟು ಚಿಕ್ಕ ಕಡ್ಡಿ ಮೀಡಿಯಂ ವೇವ್ ಮಟ್ಟಿಗೆ ಪುಟ್ಟ ಕೆಪಾಸಿಟರ್, ಅಂದರೆ ಚೂರು ವಿದ್ಯುತ್ ಹಿಡಿದಿಡುವ ಬಿಡಿಭಾಗ, ಇದ್ದಂತೆ. ಕೇಬಲ್ಲೂ ಒಂದು ಕೆಪಾಸಿಟರ್ರೇ. ಅದು ದೊಡ್ಡದಾದಷ್ಟೂ ಸಿಗ್ನಲ್ಲಿನ ಪಾಲು ಅಲ್ಲೇ ಹೋಗುತ್ತದೆ. ಅದಕ್ಕೇ ಕಾರಿನ ಅಸಲಿ ಆಂಟೆನಾ ಕೇಬಲ್ ಬಿಚ್ಚಿದರೆ ಒಳಗೆ ಕೂದಲೆಳೆಯಂಥ ತಂತಿ, ಸುತ್ತ ಬರೀ ಗಾಳಿ. ಉದ್ದ ಸಾಲದೆಂದು ಟಿವಿ ಕೇಬಲ್ ತುಂಡು ಜೋಡಿಸಿಬಿಟ್ಟರೆ ಎಫ್‌ಎಂ ಚೆನ್ನಾಗೇ ಬರುತ್ತದೆ, ಎಎಂ ಮಾತ್ರ ಸೊರಗುತ್ತದೆ. ಆಂಟೆನಾ ಬುಡದಲ್ಲಿ ತುಕ್ಕು ಹಿಡಿದು ಕಾರಿನ ಲೋಹದ ಮೈ ಜೊತೆ ಅರ್ಥಿಂಗ್ ಸಿಗದಿದ್ದರೂ ತೊಂದರೆಯೇ. ಉಜ್ಜಿ, ಬಿಗಿ ಮಾಡಿ. ಹಳೇ ಸೆಟ್ಟುಗಳಲ್ಲಿ ಸೆಟ್ಟನ್ನು ಆಂಟೆನಾಗೆ ಹೊಂದಿಸಲು ಸಾಕೆಟ್ ಹತ್ತಿರ ಒಂದು ಸಣ್ಣ ಸ್ಕ್ರೂ ಇರುತ್ತಿತ್ತು. 1400 ಕಿಲೋಹರ್ಟ್ಸ್ ಆಸುಪಾಸಿನ ಯಾವುದಾದರೂ ಕ್ಷೀಣ ಸ್ಟೇಷನ್ ಹಿಡಿದು, ದನಿ ಅತಿ ಜೋರಾಗುವಲ್ಲಿಗೆ ಅದನ್ನು ಮೆಲ್ಲಗೆ ತಿರುಗಿಸಿ ನಿಲ್ಲಿಸುತ್ತಿದ್ದರು.

ಹೊಸ ಸ್ಟೀರಿಯೋ ಹಾಕಿಸಿದ ಮೇಲೆ ಎಎಂ ಸತ್ತೇ ಹೋಯಿತೇ? ಹಿಂಬದಿ ಗಾಜಿನಲ್ಲೋ ಛಾವಣಿ ಮೇಲಿನ ಮೀನಿನ ರೆಕ್ಕೆಯಂಥ ಶಾರ್ಕ್ ಫಿನ್‌ನಲ್ಲೋ ಆಂಟೆನಾ ಇದ್ದರೆ ಜೊತೆಗೆ ಒಂದು ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಕರೆಂಟ್ ಕೊಡಬೇಕಾದ ವೈರ್, ಸಾಮಾನ್ಯವಾಗಿ ನೀಲಿ ಬಣ್ಣದ್ದು, ಸುಮ್ನೆ ನೇತಾಡುತ್ತಿರಬಹುದು. ಸೆಟ್ ಅಮೆರಿಕದ್ದಾದರೆ ಇನ್ನೊಂದು ಪೇಚು. ಅಲ್ಲಿ ಸ್ಟೇಷನ್ನುಗಳ ನಡುವೆ 10 ಕಿಲೋಹರ್ಟ್ಸ್ ಅಂತರ, ನಮ್ಮಲ್ಲಿ 9. ಸೆಟ್ 610ರಲ್ಲಿ ನಿಲ್ಲುತ್ತದೆ, 612ಕ್ಕೆ ಸರಿಯಾಗಿ ಕೂರುವುದೇ ಇಲ್ಲ. ಸೆಟ್ಟಿಂಗ್‌ನಲ್ಲಿ ಏಷ್ಯಾ ಅಥವಾ ಯುರೋಪ್ ಆಯ್ಕೆ ಇದ್ದರೆ ಅಲ್ಲಿಗೆ ಮುಗಿಯಿತು.

ಎಲೆಕ್ಟ್ರಿಕ್ ಕಾರಿನದು ಬೇರೆಯೇ ಕತೆ. ಬ್ಯಾಟರಿ ಕರೆಂಟನ್ನು ಬದಲಿಸಿ ಮೋಟರ್ ನಡೆಸುವ ಇನ್ವರ್ಟರ್ರೇ ಮೀಡಿಯಂ ವೇವ್‌ನಲ್ಲಿ ಗದ್ದಲ ಎಬ್ಬಿಸುತ್ತದೆ. ಕೆಲವು ಕಂಪನಿಗಳು ಎಎಂ ಅನ್ನೇ ಕೈಬಿಟ್ಟವು. ಅಮೆರಿಕದಲ್ಲಿ ಫೋರ್ಡ್ ಕೂಡ ಕೈಬಿಡಲು ಹೊರಟು, ಜನ, ರಾಜಕಾರಣಿಗಳು ಗಲಾಟೆ ಮಾಡಿದ ಮೇಲೆ 2023ರ ಮೇನಲ್ಲಿ ಮನಸ್ಸು ಬದಲಿಸಿತು. ಶೀಲ್ಡಿಂಗ್‌ಗೆ, ಅಂದರೆ ಗದ್ದಲ ಹೊರಬಾರದಂತೆ ತಡೆಯುವ ಲೋಹದ ಹೊದಿಕೆಗೆ, ದುಡ್ಡು ಹಾಕಿದರೆ ಗದ್ದಲ ತಗ್ಗಿಸಬಹುದು, ಆದರೆ ಅದು ಕಾರು ತಯಾರಾಗುವಾಗಲೇ ಆಗಬೇಕಾದ ಕೆಲಸ. ಕೊಂಡವರಿಗೆ ಉಳಿಯುವುದು ಫೋನಿನಲ್ಲಿ ಆಕಾಶವಾಣಿಯ ನ್ಯೂಸ್‌ಆನ್‌ಏರ್ ಆ್ಯಪ್, ಅದೂ ನೆಟ್‌ವರ್ಕ್ ಇರುವ ತನಕ.