ಕುದಿಸಿದರೆ ಬೋರ್‌ವೆಲ್ ನೀರಿನ ಫ್ಲೋರೈಡ್ ಹೋಗುತ್ತದೆಯೇ?

ಪ್ರಶ್ನೆ: ನಮ್ಮೂರಿಗೆ ಬೋರ್‌ವೆಲ್ ನೀರೇ ಗತಿ. ಅದರಲ್ಲಿ ಫ್ಲೋರೈಡ್ ಇದೆಯಂತೆ. ಚೆನ್ನಾಗಿ ಕುದಿಸಿ, ಅರಿವೆಯಲ್ಲಿ ಸೋಸಿ ಕುಡಿದರೆ ಸಾಕಲ್ಲವೇ? (ಕುಷ್ಟಗಿ ತಾಲ್ಲೂಕಿನ ಓದುಗರೊಬ್ಬರು)

ಸಾಲದು. ಕುದಿಸಿದಷ್ಟೂ ಅದು ಹೆಚ್ಚುತ್ತದೆ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 5 ಲೀಟರ್ ನೀರನ್ನು ಒಲೆಗೆ ಇಟ್ಟಿರಿ, ಒಂದು ಲೀಟರ್ ಆವಿಯಾಯಿತು ಎಂದುಕೊಳ್ಳಿ. ಫ್ಲೋರೈಡ್ ಆವಿಯಾಗುವುದಿಲ್ಲ. ಇದ್ದ 10 ಮಿಲಿಗ್ರಾಂ ಉಳಿದ 4 ಲೀಟರಿನಲ್ಲೇ ನಿಲ್ಲುತ್ತದೆ. ಲೀಟರಿಗೆ ಎರಡೂವರೆ ಆಯಿತು! ಕುಡಿಯುವ ನೀರಿನಲ್ಲಿ ಇದು 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಇನ್ನು ಅರಿವೆ: ನೀರಿನಲ್ಲಿ ಕರಗಿದ ಉಪ್ಪನ್ನು ಬಟ್ಟೆ ಹಿಡಿಯುತ್ತದೆಯೇ?

ನನ್ನ ಚಿಕ್ಕಮ್ಮ ನೀರು ಕಾಯಿಸುವ ತಪ್ಪಲೆಯ ತಳವನ್ನು ಚಮಚದಿಂದ ಕೆರೆದು, ಬಿಳಿ ಹಕ್ಕಳೆಯನ್ನು ಅಂಗೈಯಲ್ಲಿ ಹಿಡಿದು ತೋರಿಸುತ್ತಿದ್ದರು. "ನೋಡಪ್ಪಾ, ವಿಷವೆಲ್ಲ ಇಲ್ಲೇ ಕೂತಿದೆ" ಎನ್ನುತ್ತಿದ್ದರು. ಅದು ಬಹುಪಾಲು ಸುಣ್ಣ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಸಿಹಿಯಾಗಿರುವ ನೀರಿನಲ್ಲೂ ಅದು ಇರಬಹುದು.

ಹಾಗಾದರೆ ಕುದಿಸಿ ಕುಡಿಯಿರಿ ಎಂದು ಹೇಳುವುದು ಸುಳ್ಳೇ? ಅಲ್ಲ, ಅದು ರೋಗಾಣುಗಳಿಗೆ ಹೇಳಿದ ಮಾತು. ಸಿಂಧನೂರು, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯಿಂದ ಕೆರೆ ತುಂಬಿಸಿ ಕುಡಿಯುವ ಊರುಗಳಿವೆ. ಬಯಲು ಶೌಚದ ಹೊಲಸು ಮಳೆಯೊಂದಿಗೆ ಕೆರೆಗೆ ಇಳಿದರೆ, ಒಡೆದ ಪೈಪಿಗೆ ಚರಂಡಿ ಸೇರಿದರೆ ವಾಂತಿಭೇದಿ ಶುರು. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ಮರೆಯಬಾರದು. ಅಂಥ ನೀರನ್ನು ಕುದಿಸಲೇಬೇಕು. ನಿಮ್ಮ ಕಥೆ ಬೇರೆ. ಕುಷ್ಟಗಿಯ ಒಣನೆಲದಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ. ಆ ಕಲ್ಲಿನ ಖನಿಜಗಳಿಂದಲೇ ಫ್ಲೋರೈಡ್ ಕರಗಿ ಬರುತ್ತದೆ. ಹಟ್ಟಿ ಗಣಿಯ ಸುತ್ತಮುತ್ತ ಕೆಲವು ಕೊಳವೆಬಾವಿಗಳಲ್ಲಿ ಸಿಕ್ಕ ಆರ್ಸೆನಿಕ್ ಕೂಡ ಒಲೆಗೆ ಬಗ್ಗುವುದಿಲ್ಲ.

ಮೊದಲು ಪರೀಕ್ಷೆ ಮಾಡಿಸಿ. ಪಂಚಾಯಿತಿಯ ಪರೀಕ್ಷಾ ಕಿಟ್ಟಿನಲ್ಲಿ ನೀರಿಗೆ ಕೆಲವು ಹನಿ ದ್ರಾವಣ ಹಾಕುತ್ತಾರೆ. ಗುಲಾಬಿ ಬಣ್ಣ ಹಳದಿಯತ್ತ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ನಿಖರ ಅಂಕಿ ಬೇಕಾದರೆ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ತೊಳೆದು, ತುಂಬಿ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕೊಡಿ. ಪೆನ್ನಿನಂಥ ಟಿಡಿಎಸ್ ಮೀಟರನ್ನು ನಂಬಿ ಕೂರಬೇಡಿ. ಒಟ್ಟು ಲವಣ ಎಷ್ಟೆಂದು ತೋರಿಸುವುದಷ್ಟೇ ಅದಕ್ಕೆ ಗೊತ್ತು.

ಊರಿನ ಶುದ್ಧ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದರೆ ಅದರ ನೀರು ತನ್ನಿ. ಅಲ್ಲಿರುವ ಆರ್‌ಒ ಪೊರೆ, ಅಂದರೆ ಒತ್ತಡದಿಂದ ನೀರನ್ನು ಹಾಯಿಸಿ ಲವಣ ತಡೆಯುವ ಪೊರೆ, ಫ್ಲೋರೈಡನ್ನು ಬಹುಮಟ್ಟಿಗೆ ತಡೆಯುತ್ತದೆ. ಪೊರೆ ಹಳತಾದರೆ ತಡೆಯುವುದಿಲ್ಲ, ಆದ್ದರಿಂದ ಅಲ್ಲಿಂದ ಹೊರಬರುವ ನೀರನ್ನೂ ಪರೀಕ್ಷಿಸಬೇಕು. ಘಟಕ ಹೊರಚೆಲ್ಲುವ ನೀರು ಮೂಲಕ್ಕಿಂತ ಗಡುಸು. ಅದನ್ನು ದನಗಳಿಗೆ ಕುಡಿಸಬೇಡಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಎಷ್ಟೋ ಮನೆಗಳಲ್ಲಿ ಕ್ಯಾನಿನ ನೀರು ಲೋಟಕ್ಕೆ ಮಾತ್ರ. ಬೇಳೆ ಬೇಯುವುದು, ಅನ್ನವಾಗುವುದು, ರೊಟ್ಟಿ ಹಿಟ್ಟಿಗೆ ಎಸರು ಕಾಯುವುದು ಬೋರ್ ನೀರಿನಲ್ಲೇ. ಹೊಟ್ಟೆಗೆ ಹೋಗುವುದು ಅದೇ ಫ್ಲೋರೈಡ್! ಅಡುಗೆಗೂ ಒಳ್ಳೆಯ ನೀರೇ ಆಗಬೇಕು. ಬೋರ್ ನೀರು ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಇರಲಿ. ಕ್ಯಾನ್ ಸಾಲದಿದ್ದರೆ ಮೊದಲ ಪಾಲು ಮಕ್ಕಳಿಗೆ. ಹಲ್ಲು ರೂಪುಗೊಳ್ಳುವ ಎಂಟು ವರ್ಷದೊಳಗೆ ಫ್ಲೋರೈಡಿನಿಂದ ಬಿದ್ದ ಕಂದು ಕಲೆ ಉಜ್ಜಿದರೆ ಹೋಗುವುದಿಲ್ಲ. ಅದರಿಂದ ಒಮ್ಮೆ ಬಾಗಿದ ಮೂಳೆಯನ್ನು ನೆಟ್ಟಗಾಗಿಸುವ ಔಷಧವೂ ಇಲ್ಲ.

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಕಡೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. 50 ಚದರ ಮೀಟರ್ ತಗಡಿನ ಇಲ್ಲವೇ ಆರ್‌ಸಿಸಿ ಚಾವಣಿಯ ಮೇಲೆ ಅದು 30 ಸಾವಿರ ಲೀಟರ್. ಐದರಲ್ಲೊಂದು ಪಾಲು ಪೋಲಾದರೂ 24 ಸಾವಿರ ಸಿಗುತ್ತದೆ. ಐವರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಎಂದರೆ ವರ್ಷಕ್ಕೆ 14,600 ಲೀಟರ್ ಆಯಿತು. ಖರ್ಚು ಬೀಳುವುದು ತೊಟ್ಟಿ ಕಟ್ಟಿಸಲು. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಚಾವಣಿ ತೊಳೆದ ಮೇಲೆ ತುಂಬಿಸಿ, ಸೊಳ್ಳೆ ಹೋಗದಂತೆ ಮುಚ್ಚಿಡಿ. ಆ ನೀರನ್ನು ಮಾತ್ರ ಅರಿವೆಯಲ್ಲಿ ಸೋಸಿ, ಕುದಿಸಿಯೇ ಕುಡಿಯಿರಿ.