ನಡುವಿನ ಆರು ತಿಂಗಳು

ಡೊಂಬಿವಿಲಿಯ ಹುಡುಗನೊಬ್ಬ ಕಿರುಚಿತ್ರದ ಸ್ಕ್ರಿಪ್ಟ್ ಹಿಡಿದುಕೊಂಡು ನನ್ನ ಆಫೀಸಿಗೆ ಬಂದಿದ್ದ. ಗಂಡ ಹೆಂಡಿರ ಮನಸ್ತಾಪದ ಕಥೆ. "ಕೋರ್ಟಿನ ಸೀನ್ ಸರಿ ಇದೆಯಾ ನೋಡಿ ಮೇಡಂ" ಎಂದ. ಮನೆಯೊಳಗಿನ ಮಾತುಗಳನ್ನು ಚೆನ್ನಾಗಿ ಬರೆದಿದ್ದ. ಕೊನೆಯಲ್ಲಿ ಮಾತ್ರ ಜನ ತುಂಬಿದ ಕೋರ್ಟು, ವಕೀಲರ ಕೂಗಾಟ, ಸುತ್ತಿಗೆ ಕುಟ್ಟಿ ವಿಚ್ಛೇದನ ಕೊಡುವ ಜಡ್ಜು.

ಬಾಂದ್ರಾದ ಫ್ಯಾಮಿಲಿ ಕೋರ್ಟಿನಲ್ಲಿ ಆ ಸುತ್ತಿಗೆಯನ್ನು ನಾನು ಇದುವರೆಗೆ ಕಂಡಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕೇ ಅಲ್ಲ, ಕೋರ್ಟಿನ ಅನುಮತಿ ಬೇಕು. ಇಬ್ಬರಲ್ಲಿ ಒಬ್ಬರು ಕೇಳಿಕೊಂಡರೂ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕು. ರಾಜಿಯ ಪ್ರಯತ್ನ ಮಾಡುವುದು ಜಡ್ಜರ ಕರ್ತವ್ಯ. ಹಾಗಾಗಿ ಮ್ಯಾರೇಜ್ ಕೌನ್ಸಿಲರ್ ಎದುರು ಕೂತು ಮಾತಾಡುವುದೂ ಇರುತ್ತದೆ.

"ಕೋರ್ಟ್ ಸೀನ್ ಬಿಡಪ್ಪ, ನಡುವಿನ ಆರು ತಿಂಗಳು ತೋರಿಸು" ಎಂದೆ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಮಿನ ಪ್ರಕಾರ, ಒಂದು ವರ್ಷ ಬೇರೆಯಾಗಿದ್ದ ದಂಪತಿ ಒಪ್ಪಿಕೊಂಡು ಜಂಟಿ ಅರ್ಜಿ ಹಾಕಬಹುದು. ಆರು ತಿಂಗಳು ಕಳೆದ ಮೇಲೆ, 18 ತಿಂಗಳೊಳಗೆ, ಮತ್ತೆ ಬಂದು ಅದನ್ನೇ ಹೇಳಬೇಕು. ಅಷ್ಟರಲ್ಲಿ ಒಬ್ಬರ ಮನಸ್ಸು ಬದಲಾದರೆ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ಅದೇ ತೀರ್ಪಿನ ಇನ್ನೊಂದು ಮಾತು ಮುಂಬಯಿಯವರಿಗಾಗಿಯೇ ಬರೆದಂತಿದೆ: ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆ ಇದ್ದಂತೆಯೇ.

ಇಲ್ಲಿ ಇನ್ನೊಂದು ಮನೆಗೆ ಡಿಪಾಸಿಟ್ ಎಲ್ಲಿಂದ ತರಬೇಕು? ನನ್ನ ಕಕ್ಷಿದಾರರೊಬ್ಬರು, ಉಡುಪಿ ಕಡೆಯವರು, ಒನ್ ರೂಮ್ ಕಿಚನ್‌ನಲ್ಲೇ ಬೇರೆಯಾಗಿದ್ದರು. ಫ್ರಿಜ್ಜಿನಲ್ಲಿ ಎರಡು ಹಾಲಿನ ಪಾಕೀಟು. ಅಡುಗೆಮನೆಯಲ್ಲಿ ಆಕೆ, ಹೊರಗೆ ಸೋಫಾದ ಮೇಲೆ ಆತ. ಆರು ತಿಂಗಳ ನಡುವೆ ಒಂದು ದಿನ ಆಕೆ ಫೋನ್ ಮಾಡಿದರು. "ಅವರಿಗೆ ಜ್ವರ ಬಂದಿತ್ತು, ಗಂಜಿ ಮಾಡಿಟ್ಟೆ. ಮಾತಾಡ್ಲಿಲ್ಲ. ಬೆಳಿಗ್ಗೆ ನೋಡಿದ್ರೆ ಬಟ್ಟಲು ತೊಳೆದು ಕವುಚಿಟ್ಟಿದ್ರು. ಇದ್ರಿಂದ ಕೇಸಿಗೆ ತೊಂದ್ರೆಯಾಗ್ತದಾ?"

ತೊಂದರೆಯಿಲ್ಲ ಎಂದೆ. ಫೋನಿಟ್ಟ ಮೇಲೆ ತುಂಬ ಹೊತ್ತು ನನಗೆ ಬೇರೆ ಫೈಲ್ ತೆರೆಯಲಾಗಲಿಲ್ಲ.

ಈ ಕಾಯುವಿಕೆ ಎಲ್ಲರಿಗೂ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಏಟು ತಿಂದು ಬಂದವಳಿಗೆ ಆರು ದಿನವೂ ಹೆಚ್ಚೇ. ಬೇರೆಯಾಗಿ ಸಾಕಷ್ಟು ಕಾಲವಾಗಿ, ರಾಜಿಯ ದಾರಿಗಳೆಲ್ಲ ಮುಗಿದಿದ್ದರೆ ಆ ಅವಧಿಯನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂಥವರ ಪರವಾಗಿ ನಾನೇ ಅರ್ಜಿ ಹಾಕುತ್ತೇನೆ.

"ಆಕೆ ಎರಡನೇ ಸಲ ಕೋರ್ಟಿಗೆ ಬಂದ್ರಾ?" ಎಂದು ಹುಡುಗ ಕೇಳಿದ.

ಬಂದರು. ಇಬ್ಬರೂ ಒಂದೇ ರಿಕ್ಷಾದಲ್ಲಿ ಬಂದು ಸಹಿ ಹಾಕಿದರು.